ಗಿರಣಿ ನಿಲ್ಲಿಸದೆ ಕರೆದದ್ದು

ಘಟನೆಗಳ ಕ್ರಮವನ್ನು ಮೊದಲು ಹೇಳುತ್ತೇನೆ. ಮಣ್ಣು ಪರೀಕ್ಷೆಯ ತರಬೇತಿಗೆಂದು ನಾನು ಊರು ಬಿಟ್ಟದ್ದು ಶಿವರಾತ್ರಿ ಕಳೆದ ಮರುದಿನ. ನನ್ನ ಜಾಗದಲ್ಲಿ ಆಕೆ ಬಂದು ಕೂತದ್ದು ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ. ಅವ್ವ ಆಕೆಯನ್ನು ಕರೆದದ್ದು ಅದಾದ ಮೇಲೆ, ಶಾವಿಗೆ ಹಿಟ್ಟಿನ ಗಿರಾಕಿ ಹೆಚ್ಚಿದ್ದ ಒಂದು ಸಂಜೆ. ನಾನು ಮರಳಿದ್ದು ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ. ಈ ನಾಲ್ಕರಲ್ಲಿ ನಡುವಿನ ಎರಡನ್ನು ನಾನು ಕಂಡಿಲ್ಲ. ತಂಗಿ ನೀಲಾ ಹೇಳಿದಂತೆ ಬರೆಯುತ್ತೇನೆ. ಐದನೆಯದೂ ಒಂದಿದೆ. ಅದು ತನ್ನ ಸರದಿಯಲ್ಲಿ, ಕೊನೆಗೆ ಬರುತ್ತದೆ.

ನಮ್ಮ ಊರಿನಲ್ಲಿ ಒಬ್ಬರು ಪರಊರಿಗೆ ಹೋದರೆ, ಅವರು ಮರಳುವ ತನಕ ಮನೆಯವರು ದಿನವೂ ದೀಪ ಹಚ್ಚುವ ಹೊತ್ತಿಗೆ ಅವರು ಸಾಮಾನ್ಯವಾಗಿ ಕೂರುವ ಜಾಗದ ಎದುರು ನಿಂತು ಸಂಬಂಧ ಹಿಡಿದು ಕರೆಯುತ್ತಾರೆ. ಹೆಸರು ಹಿಡಿದು ಕರೆದರೆ ಪ್ರಯೋಜನವಿಲ್ಲ. ಒಂದೇ ಹೆಸರು ಎಷ್ಟೋ ಜನಕ್ಕೆ ಇರುತ್ತದೆ. ಅಕ್ಕಾ ಎಂದೋ, ಮಗಳ ಎಂದೋ, ದೊಡ್ಡಪ್ಪ ಎಂದೋ ಕರೆಯಬೇಕು. ಕರೆದು, ಓಗೊಡುವಷ್ಟು ಹೊತ್ತು ಸುಮ್ಮನೆ ನಿಂತು, ಒಂದು ಲೋಟ ನೀರು ಇಟ್ಟು ಒಳಗೆ ಬರಬೇಕು. ಹೀಗೆ ನಡೆಯುವವರೆಗೆ ಆ ಜಾಗ ಹೋದವರದೇ. ಕರೆಯುವುದು ತಪ್ಪಿದರೆ, ಇಂತಿಷ್ಟು ದಿನಕ್ಕೆ ಎಂಬ ಲೆಕ್ಕವಿಲ್ಲ, ಒಂದು ಬೆಳಿಗ್ಗೆ ನೋಡಿದಾಗ ಯಾರೋ ಬಂದು ಅಲ್ಲಿ ಕೂತಿರುತ್ತಾರೆ.

ದೊಡ್ಡ ಊರಿನ ಕಚೇರಿಗಳಿಂದ ಬರುವ ನೋಟಿಸುಗಳಲ್ಲಿ ಒತ್ತುವರಿದಾರ, ಅತಿಕ್ರಮಣಕಾರ, ಅನಧಿಕೃತ ವಾಸಿ ಎಂಬ ಪದಗಳಿರುತ್ತವೆ. ಅವು ನೆಲಕ್ಕೂ ಗೋಡೆಗೂ ಸಂಬಂಧಿಸಿದವು; ಬದು ಸರಿಸಿದವರಿಗೆ, ಕೆರೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡವರಿಗೆ ಸಲ್ಲುತ್ತವೆ. ನಮ್ಮಲ್ಲಿ ಬರುವವರು ಬದು ಸರಿಸುವುದಿಲ್ಲ, ಬೀಗ ಒಡೆಯುವುದಿಲ್ಲ. ಅವರಿಗೆ ಊರಿನಲ್ಲಿರುವ ಹೆಸರು ಒಂದೇ: ಕೂತವರು. ವಾರಗಟ್ಟಲೆ ಠಿಕಾಣಿ ಹೂಡಿದ ನೆಂಟರ ಬೆನ್ನ ಹಿಂದೆ ಈ ಮಾತನ್ನು ತಮಾಷೆಗೆ ಆಡುವುದುಂಟು. ನಿಜವಾಗಿ ಕೂತವರ ಎದುರಿಗೆ ಯಾರೂ ಆಡುವುದಿಲ್ಲ. ಅವರನ್ನು ಮಾತಾಡಿಸುವುದೂ ಇಲ್ಲ, ಗದರಿಸುವುದೂ ಇಲ್ಲ. ಕೈಗೆ ಎಟಕುವಲ್ಲಿ ನೀರು ಮತ್ತು ರೊಟ್ಟಿ ಇಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಅಮಾವಾಸ್ಯೆಯೊಳಗೆ ಎದ್ದುಹೋಗುತ್ತಾರೆ. ಆದರೆ ಮನೆಯವರು ಮೈಮರೆತು ಒಮ್ಮೆ ಸಂಬಂಧ ಹಿಡಿದು ಕರೆದರೆ, ಅವರು ಓಗೊಟ್ಟರೆ, ಅಲ್ಲಿಗೆ ಅವರು ಕೂತವರಲ್ಲ. ಆಮೇಲೆ ಅವರನ್ನು ಆ ಹೆಸರಿನಿಂದ ಸೂಚಿಸುವುದು ಊರಿನಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ.

ಆದ್ದರಿಂದ ನಮ್ಮ ಬೀದಿಗಳಲ್ಲಿ ಅಪರಿಚಿತರನ್ನು ಯಾರೂ ಅಣ್ಣ, ಅಕ್ಕ ಎನ್ನುವುದಿಲ್ಲ. ಕಾಯಿಪಲ್ಲೆ ಮಾರುವವಳು ‘ಗಿರಣಿಯವರ’, ‘ಮೂಲಿಮನಿಯವರ’ ಎಂದು ಮನೆಯ ಗುರುತು ಹಿಡಿದು ಕೂಗುತ್ತಾಳೆ. ಹೊರಗಿನಿಂದ ಬಂದವರಿಗೆ ಇದು ಒರಟುತನವೆನಿಸುತ್ತದೆ. ಗೊಬ್ಬರದ ಕಂಪನಿಯವನೊಬ್ಬ ಖಾನಾವಳಿಗೆ ಬಂದು, ಗಲ್ಲಾದ ಮೇಲಿದ್ದವರನ್ನು ಬಾಯಿ ತುಂಬ “ಮಾವಾ, ಬಿಸಿ ರೊಟ್ಟಿ ಅದಾವೇನು” ಎಂದು ಕೇಳಿದನಂತೆ. ಅವರು ಎದ್ದು ಅಡುಗೆಮನೆಗೆ ಹೋದವರು ಅವನು ಉಂಡು ಹೋಗುವವರೆಗೂ ಹೊರಗೆ ಬರಲಿಲ್ಲ. ಈ ಕಥೆಯನ್ನು ಹೇಳಿ ನಮ್ಮೂರಿನವರು ಈಗಲೂ ನಗುತ್ತಾರೆ.

ನಗದೆ ಹೇಳುವ ಕಥೆ ಬಳೆಗಾರ ನಿಂಗಪ್ಪನದು. ಅವನ ಮಗ ದುಡಿಯಲು ಹೋಗಿದ್ದಾಗ ಜಾಗದಲ್ಲಿ ಒಬ್ಬ ಬಂದು ಕೂತ, ಮೈಮರೆತು ಕರೆದದ್ದೂ ಆಯಿತು. ಆಮೇಲೆ ಮಗನೂ ಬಂದ. ಇಬ್ಬರಲ್ಲಿ ಒಬ್ಬನನ್ನು ಬಿಡಲಾರದೆ ನಿಂಗಪ್ಪ ಇಬ್ಬರನ್ನೂ ಮಗನ ಎಂದು ಕರೆದ; ಇಬ್ಬರೂ ಓ ಎಂದರು. ಮರುದಿನ ಬೆಳಿಗ್ಗೆ ಅವನ ಹೆಂಡತಿ ಎದ್ದು, ಹಾಸಿಗೆ ಮಡಚಿಟ್ಟು, ಬೀದಿ ದಾಟಿ ಎದುರಿನ ಕಲಾಯಿಯವರ ಮನೆಯ ಒಲೆಯ ಮುಂದೆ ಹೋಗಿ ಕೂತಳು. ಈಗ ಅವಳು ಆ ಮನೆಯವಳು. ಬಳೆ ಬೇಕಾದಾಗ ನಿಂಗಪ್ಪನ ಅಂಗಡಿಗೇ ಬರುತ್ತಾಳೆ, ಗುರುತಿಲ್ಲದವರ ಹಾಗೆ ಚೌಕಾಸಿ ಮಾಡುತ್ತಾಳೆ. ಅವಳ ಕೈಯ ಅಳತೆ ಅವನಿಗೆ ಗೊತ್ತು. ಆದರೂ ಪ್ರತಿ ಸಲವೂ ಅಳತೆ ಕೇಳುತ್ತಾನೆ. ಒಂದು ಕರೆಗೆ ಇಬ್ಬರು ಓಗೊಟ್ಟರೆ ಆ ಮನೆಯ ಮೂರನೆಯವರ ಜಾಗ ಹೋಗುತ್ತದೆ ಎಂಬುದನ್ನು ನಮ್ಮ ಊರು ಹೀಗೆ ಕಲಿತದ್ದು.

ನಮ್ಮದು ಹಿಟ್ಟಿನ ಗಿರಣಿ. ಮನೆಗೆ ಅಂಟಿಕೊಂಡ ಉದ್ದನೆಯ ಕೋಣೆ, ಅದರಲ್ಲಿ ಒಂದು ಮೋಟರು, ಎರಡು ಕಲ್ಲು, ಚಕ್ರದಿಂದ ಚಕ್ರಕ್ಕೆ ಓಡುವ ಅಗಲವಾದ ಪಟ್ಟಾ. ಅಪ್ಪ ಕಾಳು ಸುರಿಯುತ್ತಾರೆ, ಅವ್ವ ತೂಗುತ್ತಾಳೆ. ಹಿಟ್ಟು ಬೀಳುವ ಕಡೆ ಒಂದು ಗಿಡ್ಡ ಸ್ಟೂಲು; ಅದು ನನ್ನ ಜಾಗ. ಬಿ.ಎಸ್ಸಿ. ಓದುವಾಗಲೂ ರಸಾಯನಶಾಸ್ತ್ರದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿಯೇ ಕೂರುತ್ತಿದ್ದೆ. ಕೆಲಸ ಮುಗಿಯುವಷ್ಟರಲ್ಲಿ ನಾವು ನಾಲ್ವರೂ ಹುಬ್ಬಿನವರೆಗೆ ಬೆಳ್ಳಗಾಗಿರುತ್ತೇವೆ. ಆ ಹೊತ್ತಿನಲ್ಲಿ ನಮ್ಮ ನಮ್ಮನ್ನು ಗುರುತಿಸುವುದು ಎತ್ತರದಿಂದ, ಕೂತ ಜಾಗದಿಂದ.

ಬೇಸಿಗೆ ಹತ್ತಿರವಾದಾಗ ಕರೆಂಟು ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಶಾವಿಗೆಗೆ, ಹಪ್ಪಳಕ್ಕೆ ಹಿಟ್ಟು ಬೀಸಿಸಲು ಡಬ್ಬಿಗಳು ಬಾಗಿಲಿನಿಂದ ಬೀದಿಯವರೆಗೆ ಸಾಲುಗಟ್ಟಿರುತ್ತಿದ್ದವು. ಕರೆಂಟು ಬಂದ ಗಳಿಗೆಯಲ್ಲಿ ಗಿರಣಿ ನಿಲ್ಲಿಸುವುದು ಅಪ್ಪನಿಂದಾಗಲಿಲ್ಲ. ಅವರು ನನ್ನನ್ನು ಕರೆಯುವುದನ್ನು ಬಿಟ್ಟಿರಲಿಲ್ಲ. ನೀಲಾ ಆಣೆ ಮಾಡಿ ಹೇಳಿದಳು: ಮೂವರೂ ದಿನವೂ ಸ್ಟೂಲಿನ ಮುಂದೆ ನಿಂತು ಕರೆದಿದ್ದರು, ನೀರು ಇಟ್ಟಿದ್ದರು. ಗಿರಣಿ ನಿಲ್ಲಿಸದೆ ಕರೆದಿದ್ದರು, ಅಷ್ಟೆ. ಪಟ್ಟಾದ ಸದ್ದಿನಲ್ಲಿ ತಮ್ಮ ದನಿ ತಮಗೇ ಕೇಳಿಸಿರಲಿಲ್ಲ. ಕರೆದೆವಲ್ಲ ಎಂಬ ಸಮಾಧಾನದಲ್ಲಿದ್ದರು.

ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಸ್ಟೂಲಿನ ಮೇಲೆ ಆಕೆ ಕೂತಿದ್ದಳು. ನನ್ನಷ್ಟೇ ಎತ್ತರ, ವಯಸ್ಸಿನಲ್ಲಿ ಸ್ವಲ್ಪ ಹಿರಿಯಳು, ಮುಖ ಬೇರೆ. ಮನೆಯವರು ಮಾತಾಡಿಸಲಿಲ್ಲ, ರೊಟ್ಟಿ ಇಟ್ಟರು. ಗಿರಣಿ ಶುರುವಾದಾಗ ಆಕೆ ಹಿಟ್ಟಿನ ಕೆಳಗೆ ಡಬ್ಬಿ ಹಿಡಿದಳು, ತುಂಬಿದಾಗ ಬದಲಿಸಿದಳು. ಎರಡು ದಿನದಲ್ಲಿ ಆಕೆಯೂ ಹುಬ್ಬಿನವರೆಗೆ ಬೆಳ್ಳಗಾದಳು. ಆಮೇಲೊಂದು ಸಂಜೆ ನೀಲಾಳ ಓಢಣಿಯ ತುದಿಯನ್ನು ಪಟ್ಟಾ ಕಚ್ಚಿತು. ಕೊರಳು ಬಿಗಿದು ನೀಲಾ ಚಕ್ರದ ಕಡೆಗೆ ಜರುಗುತ್ತಿದ್ದುದನ್ನು ತಕ್ಕಡಿಯ ಹತ್ತಿರದಿಂದ ಅವ್ವ ಕಂಡಳು. ಸ್ಟೂಲಿನ ಕಡೆಗೆ ನೋಡಿ ಕೂಗಿದಳು: “ಮಗಳ, ಹಿಡಿ ಆಕೀನ.”

ಆಕೆ ಓ ಎಂದಳು. ನೀಲಾಳನ್ನು ಸೊಂಟಕ್ಕೆ ಹಿಡಿದು ಎಳೆದಳು. ಓಢಣಿ ಹರಿಯಿತು, ನೀಲಾ ಉಳಿದಳು. ಅಪ್ಪ ಗಿರಣಿ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ತಾನು ಏನೆಂದು ಕರೆದೆ ಎಂಬುದು ಅವ್ವನಿಗೆ ತಿಳಿಯಿತು.

ನಾನು ಬೆಳಗಿನ ಬಸ್ಸಿಗೆ ಇಳಿದು, ಹೆಗಲ ಮೇಲೆ ಚೀಲ, ಕೈಯಲ್ಲಿ ನೀಲಾಳಿಗೆ ತಂದ ಹೊಸ ಓಢಣಿ ಹಿಡಿದು ಬಂದೆ. ಬಾಗಿಲಲ್ಲಿ ನೀಲಾ ನಿಂತಿದ್ದಳು. ಸಾಮಾನ್ಯವಾಗಿ ಓಡಿಬಂದು ಚೀಲ ಕಸಿದುಕೊಳ್ಳುವವಳು ಚೌಕಟ್ಟನ್ನು ಹಿಡಿದುಕೊಂಡು ನಿಂತಳು. “ಬಂದಿ?” ಎಂದಳು. ಆ ಮಾತಿನ ಹಿಂದೆ ಬರಬೇಕಾದ ಅಕ್ಕಾ ಬರಲಿಲ್ಲ. ಅವಳ ಭುಜದ ಮೇಲಿಂದ ಒಳಗೆ ನೋಡಿದೆ. ಸ್ಟೂಲಿನ ಮೇಲೆ ಒಂದು ಬಿಳಿಯ ಆಕೃತಿ ನನ್ನ ಕಡೆ ತಿರುಗಿತು. ಮತ್ತೆ ತನ್ನ ಕೆಲಸಕ್ಕೆ ಬಾಗಿತು.

ನೀಲಾ ನೀರಿನ ತೊಟ್ಟಿಯ ಹಿಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಕೊರಳಿನ ಕೆಂಪು ಬರೆಯನ್ನು ತೋರಿಸಿ, “ಆಕಿ ಇರಲಿಲ್ಲಂದ್ರ ನಾ ಇರ್ತಿದ್ದಿಲ್ಲ” ಎಂದಳು. ಹಾಗಾದರೆ ನಾನು ಎಂದು ಕೇಳಿದೆ. ಅವಳು ಹೊಸ ಓಢಣಿಯನ್ನು ಮಡಿಕೆ ಬಿಚ್ಚದೆ ಎದೆಗೆ ಒತ್ತಿಕೊಂಡು ನಿಂತಳು. ಅವಳಿಗಿದ್ದ ಭಯ ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಇಬ್ಬರು ಓಗೊಟ್ಟರೆ ಹೋಗುವ ಮೂರನೆಯವರು ಯಾರಿರಬಹುದು ಎಂಬುದನ್ನು ಅವಳು ನನಗಿಂತ ಮೊದಲೇ ಯೋಚಿಸಿದ್ದಳು.

ಇಂಥ ಸಂದರ್ಭಕ್ಕೆ ಊರಿನಲ್ಲಿ ಒಂದು ಪದ್ಧತಿಯಿದೆ. ಇಬ್ಬರನ್ನೂ ಹೊಸ್ತಿಲಿನ ಹೊರಗೆ, ಬಾಗಿಲಿಗೆ ಬೆನ್ನು ಮಾಡಿ, ಆಚೆಗೊಬ್ಬರು ಈಚೆಗೊಬ್ಬರು ಎಂದು ಕೂರಿಸುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆಯವರು ಒಳಗಿನಿಂದ ಒಂದೇ ಒಂದು ಸಲ ಕರೆಯುತ್ತಾರೆ. ಯಾರ ಜಾಗವೋ ಅವರಿಗೆ ಕೇಳಿಸುತ್ತದೆ, ಅವರು ಓಗೊಟ್ಟು ಒಳಗೆ ಹೋಗುತ್ತಾರೆ. ಇನ್ನೊಬ್ಬರು ಎದ್ದು ಹೋಗುತ್ತಾರೆ. ಯಾರೂ ಯಾರನ್ನೂ ಆರಿಸುವುದಿಲ್ಲ, ಆದ್ದರಿಂದ ಯಾರ ಮೇಲೂ ಪಾಪವಿಲ್ಲ ಎನ್ನುತ್ತಾರೆ. ಎರಡನೆಯ ಸಲ ಕರೆಯುವಂತಿಲ್ಲ. ನಿಂಗಪ್ಪ ಮಾಡಿದ್ದು ಅದನ್ನೇ.

ಪಕ್ಕದ ಮನೆಯ ರುದ್ರವ್ವ ಇದನ್ನು ನಡೆಸಿಕೊಡಲು ಬಂದಳು. ಊರಿನಲ್ಲಿ ಹೆರಿಗೆಯಿರಲಿ, ಹೊಸ್ತಿಲಿರಲಿ, ಮೊದಲು ಅವಳಿಗೆ ಹೇಳಿಕಳಿಸುತ್ತಾರೆ. ಎಲೆಅಡಿಕೆ ಜಗಿಯುತ್ತ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು, “ಒಬ್ಬಾಕಿ ಹಿಟ್ಟಿನಾಗ ಹೊಳ್ಳಾಡಿ ಬಂದಾಳ, ಒಬ್ಬಾಕಿ ಧೂಳಾಗ. ಸಾಬೂನು ನನ್ನ ಮನ್ಯಾಗಿಂದ ಕೊಡ್ಲಿ ಏನು?” ಎಂದಳು. ಅವ್ವ ನಗಲಿಲ್ಲ.

ಕರೆಯನ್ನು ಮಾತ್ರ ನಂಬುವುದು ನನಗೆ ಒಪ್ಪಿಗೆಯಾಗಲಿಲ್ಲ. ಹೊಸ್ತಿಲಿಗೆ ಮೊದಲು ಪರೀಕ್ಷೆಯಾಗಲಿ ಎಂದೆ. ಈ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ತಿಳಿದಿರುವ ಸಂಗತಿಯನ್ನು ಇಬ್ಬರಿಗೂ ಬೇರೆಬೇರೆಯಾಗಿ ಕೇಳಿ. ಉತ್ತರಗಳನ್ನು ಹೋಲಿಸಿ ಎಂದೆ. ಅಪ್ಪನಿಗೆ ಇದು ಸರಿಯೆನಿಸಿತು. ರುದ್ರವ್ವ ಮಾತ್ರ ಉಗುಳಿ ಬಂದು, “ಕಲ್ತಾಕಿ ಅದಿ. ಕೇಳ್ಸು, ನಿನ್ನ ಸಮಾಧಾನಕ್ಕ” ಎಂದಳು.

ಏನು ಕೇಳಬೇಕೆಂದು ಅವ್ವ ಬಹಳ ಹೊತ್ತು ಯೋಚಿಸಿದಳು. ನಮ್ಮ ಅಡುಗೆಮನೆಯಲ್ಲಿ ಉಪ್ಪು ಇರುವ ಜಾಗ ಹೊರಗಿನವರಿಗೆ ಹೊಳೆಯುವಂಥದ್ದಲ್ಲ. ಗಿರಣಿಯ ನಡುಕಕ್ಕೆ ಭರಣಿಗಳು ಉರುಳುತ್ತವೆಂದು ಅವ್ವ ಅದನ್ನು ಬೇರೆ ಕಡೆ ಇಡುತ್ತಿದ್ದಳು. ಅದನ್ನೇ ಕೇಳಿದಳು. ಮೊದಲು ನನ್ನ ಕಿವಿಗೆ ಬಾಯಿ ಹಚ್ಚಿ, ಆಮೇಲೆ ಆಕೆಯ ಕಿವಿಗೆ. ನಾನು ತಡಮಾಡದೆ ಹೇಳಿದೆ. ಆಕೆಯೂ ತಡಮಾಡದೆ ಹೇಳಿದಳು. ಅವ್ವ ನಮ್ಮಿಬ್ಬರ ನಡುವೆ ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಎರಡೂ ಒಂದೇ ಎಂದಳು.

“ನೋಡಿ ಹೇಳಿರಬೇಕು” ಎಂದೆ. ಆಕೆ ಅಡುಗೆಮನೆಗೆ ಒಂದು ಸಲವೂ ಹೋಗಿಲ್ಲವೆಂದು ನೀಲಾ ಹೇಳಿದಳು. ಕರೆದ ಮೇಲೂ ಸ್ಟೂಲು ಬಿಟ್ಟು ಎದ್ದಿರಲಿಲ್ಲ, ಅಲ್ಲಿಯೇ ಉಣ್ಣುತ್ತಿದ್ದಳು, ಅಲ್ಲಿಯೇ ಗೋಡೆಗೆ ಒರಗಿ ಮಲಗುತ್ತಿದ್ದಳು.

ಕಾಲೇಜಿನ ಪ್ರಯೋಗಾಲಯದಲ್ಲಿ ಆಮ್ಲ ಸಿಡಿದು ನನ್ನ ಎಡ ಮುಂಗೈ ಮೇಲೆ ಒಂದು ಕಲೆಯಾಗಿದೆ. ಹುಣಿಸೆಬೀಜದ ಆಕಾರ, ಅಂಚು ಸ್ವಲ್ಪ ಕಪ್ಪು. ಅದನ್ನು ತೋರಿಸಿದೆ. ರುದ್ರವ್ವ ಆಕೆಯ ಮುಂಗೈ ಹಿಡಿದು ತಂಬಿಗೆಯ ನೀರು ಸುರಿದು ಹಿಟ್ಟು ತೊಳೆದಳು. ಅಲ್ಲಿ ಕಲೆ ಇರಲಿಲ್ಲ. ಆದರೆ ಕಲೆಯಿರಬೇಕಾದ ಕಡೆ ಚರ್ಮ ಸ್ವಲ್ಪ ಕೆಂಪಗಿತ್ತು, ಒಳಗಿನಿಂದ ಏನೋ ಮೇಲೆ ಬರುತ್ತಿರುವ ಹಾಗೆ. ಆಕೆ ಅದನ್ನು ನಮ್ಮಷ್ಟೇ ಆಶ್ಚರ್ಯದಿಂದ ನೋಡಿಕೊಂಡಳು. ಆಮೇಲೆ ನನ್ನ ಕೈ ನೋಡಿದಳು. ಮೆಲ್ಲಗೆ ಅಂಗಿಯ ತೋಳು ಇಳಿಸಿ ಮುಚ್ಚಿಕೊಂಡಳು.

ಮಧ್ಯಾಹ್ನದಿಂದ ಹೊಸ್ತಿಲಿನ ಎರಡು ಕಡೆ ಕೂತೆವು. ಬೀದಿಯವರು ಈ ಕಡೆ ನೋಡದೆ ಹಾದುಹೋದರು. ಡಬ್ಬಿ ತಂದವರು ದೂರದಲ್ಲಿಯೇ ಇಟ್ಟು ತಮ್ಮ ತಮ್ಮ ಜಗಲಿಗಳಿಗೆ ಹೋಗಿ ಕೂತರು. ಆಕೆಯನ್ನು ಹತ್ತಿರದಿಂದ ನೋಡಲು ನನಗೆ ಆಗ ಅವಕಾಶ ಸಿಕ್ಕಿತು. ನನಗಿದ್ದ ಸಿಟ್ಟಿಗೆ ಒಂದು ಮುಖ ಬೇಕಾಗಿತ್ತು. ಸಿಕ್ಕಿದ್ದು ಆಯಾಸ ಮಾತ್ರ. ಇದಕ್ಕೆ ಮೊದಲು ಎಲ್ಲಿದ್ದೆ ಎಂದು ಕೇಳಿದೆ. ಆಕೆ ಯೋಚಿಸಿದಳು, ಬಾಯಿ ತೆರೆದಳು. ಆಮೇಲೆ, ಬಾಗಿಲಿಗೆ ಹಸಿರು ಬಣ್ಣವಿತ್ತು ಎಂದಳು. ಅದಕ್ಕಿಂತ ಹೆಚ್ಚು ಬರಲಿಲ್ಲ.

“ಇಲ್ಲಿಗ್ಯಾಕ ಬಂದಿ?”

“ಕೂಡಬೇಕಂತ ಬಂದಿದ್ದಿಲ್ಲ. ಕಾಲು ಸೋತಿದ್ವು. ಸ್ಟೂಲು ಖಾಲಿ ಇತ್ತು.”

ನಾನು ಸ್ವರ ತಗ್ಗಿಸಿ ಕೇಳಿಕೊಂಡೆ. ಅವ್ವ ಕರೆದಾಗ ಸುಮ್ಮನಿರು, ನಿನಗೆ ಕೇಳಿಸಿದರೂ ಸುಮ್ಮನಿರು. ನೀಲಾಳನ್ನು ಉಳಿಸಿದ್ದಕ್ಕೆ ಬದುಕಿರುವವರೆಗೆ ನೆನೆಯುತ್ತೇನೆ ಎಂದೆ. ಆಕೆ ಮೊಣಕಾಲಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಒಂದು ಕಡೆಗೆ ಸರಿಸುತ್ತ ಕೂತಿದ್ದಳು. ಒಲ್ಲೆ ಎನ್ನಲಿಲ್ಲ.

“ಕೇಳಿಸಿದ ಮ್ಯಾಲೆ ಸುಮ್ನಿರೂದು ಹೆಂಗ?” ಎಂದಳು. “ನೀ ಇರ್ತಿದ್ದೇನು?”

ನಾನಾಗಿದ್ದರೆ ಇರುತ್ತಿದ್ದೆ ಎಂದೆ. ಖಂಡಿತವಾಗಿ ಹೇಳಿದೆ.

ಬಿಸಿಲು ಎದುರು ಮನೆಯ ಗೋಡೆ ಏರಿತು. ಒಳಗೆ ಅವ್ವ ದೀಪದ ಬತ್ತಿ ಹೊಸೆಯುತ್ತಿರುವುದನ್ನು ತಿರುಗಿ ನೋಡದೆಯೇ ತಿಳಿದೆ. ತೆಂಗಿನೆಣ್ಣೆಯ ವಾಸನೆ ಬಂತು. ಅಂದು ಗಿರಣಿ ಹಾಕುವುದಿಲ್ಲವೆಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದರು. ಮೋಟರಿನ ಸ್ವಿಚ್ಚು ಆರಿಸಿರುವುದನ್ನು ಹೊಸ್ತಿಲಿಗೆ ಬರುವ ಮೊದಲು ನಾನೇ ಹೋಗಿ ನೋಡಿದ್ದೆ. ಅಪ್ಪ ನಡುಮನೆಯಲ್ಲಿ ಕೆಮ್ಮಿದರು. ರುದ್ರವ್ವ, ಹೂಂ ಎಂದಳು.

ಆ ಗಳಿಗೆಗೆ ಕರೆಂಟು ಬಂತು, ಗಿರಣಿ ಶುರುವಾಯಿತು.

ಕಾಳಿಲ್ಲದೆ ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು ಬೇರೆ. ಅದು ಹಲ್ಲಿನ ಬೇರಿನೊಳಗೆ ಕೇಳುತ್ತದೆ. ಹೊಸ್ತಿಲಿನ ಕಲ್ಲು ನಡುಗಿತು. ಅವ್ವನ ದನಿಗಾಗಿ ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಹುಟ್ಟಿದಂದಿನಿಂದ ಈ ಸದ್ದಿನಲ್ಲಿ ಬೆಳೆದವಳು ನಾನು. ಇದರ ಅಡಿಯಲ್ಲಿ ಮನೆಯವರ ಮಾತನ್ನು ಹೆಕ್ಕಿಕೊಳ್ಳುವುದು ನನಗೆ ಉಸಿರಾಡಿದಷ್ಟು ಸಹಜವಾಗಿತ್ತು. ಒಂದು ತಿಂಗಳು ಶಾಂತವಾದ ಪ್ರಯೋಗಾಲಯದಲ್ಲಿ ಕೂತು ಬಂದ ಕಿವಿಗೆ ಆ ಅಭ್ಯಾಸ ತಪ್ಪಿತ್ತು. ಅಷ್ಟರಲ್ಲಿ ಅದನ್ನು ಬೇರೊಬ್ಬರು ರೂಢಿಸಿಕೊಂಡಿದ್ದರು. ನನಗೆ ಪಟ್ಟಾದ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಕಣ್ಣು ತೆರೆದಾಗ ಆಕೆ ಎದ್ದು ನಿಂತಿದ್ದಳು. ಕರೆದದ್ದಾಯಿತೆಂದು ನನಗೆ ತಿಳಿದದ್ದು ಅದರಿಂದಲೇ.

ಆಕೆಯ ತುಟಿ ಓ ಎಂಬ ಆಕಾರದಲ್ಲಿತ್ತು. ನನ್ನನ್ನು ನೋಡಿದಳು, ಗೆದ್ದವರ ನೋಟವಾಗಿರಲಿಲ್ಲ ಅದು. ಹೊಸ್ತಿಲು ದಾಟಿದಳು. ಅಪ್ಪ ಓಡಿಹೋಗಿ ಗಿರಣಿ ನಿಲ್ಲಿಸಿದರು. ಸದ್ದು ನಿಂತ ಮೇಲೆ ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದಳು. ಬಾಯಿ ತೆರೆದಳು. ರುದ್ರವ್ವ ತನ್ನ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಆ ಬೆರಳುಗಳ ಮೇಲಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಗಿರಣಿಯ ಬಾಗಿಲಿನಿಂದ ನೀಲಾ ಹೊರಗೆ ಬಂದಳು. ಅವಳ ಬಲಗೈ ಹಿಟ್ಟಾಗಿತ್ತು; ಅದನ್ನು ಹೊಸ ಓಢಣಿಗೆ ಒರೆಸಿಕೊಳ್ಳುತ್ತಿದ್ದಳು. ಇದನ್ನು ದೂರು ಎಂದು ಬರೆಯುತ್ತಿಲ್ಲ. ಕಂಡದ್ದನ್ನು ಬರೆಯುತ್ತಿದ್ದೇನೆ.

ಚೀಲ ಎತ್ತಿಕೊಂಡೆ. ರುದ್ರವ್ವ ಬೀದಿಯ ತಿರುವಿನವರೆಗೆ ಬಂದಳು. ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಅಲ್ಲಿಯವರೆಗೆ ಅವಳು ನನ್ನನ್ನು ಮುಟ್ಟಿದ ನೆನಪಿಲ್ಲ.

“ಹಿಂದ ನೋಡಬ್ಯಾಡ. ಬಿರುಸಾಗಿ ನಡಿಯಬ್ಯಾಡ. ಕಾಲು ಸೋತಲ್ಲಿ ಕೂಡು.”

“ನಿನಗ ಹೆಂಗ ಗೊತ್ತು?”

“ಈ ಊರಾಗ ಗೊತ್ತಿಲ್ಲದಾವ್ರು ಯಾರದಾರ?” ಎಂದು ಹೇಳಿ ಎಲೆಅಡಿಕೆಯ ಚೀಲ ಬಿಚ್ಚುತ್ತ ತಿರುಗಿ ಹೋದಳು.

ನಾನು ಬಸ್ ನಿಲ್ದಾಣಕ್ಕೆ ಹೋದೆ. ಬಸ್ಸು ಬಂತು, ಜನ ಇಳಿದರು, ಜನ ಹತ್ತಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಎಲ್ಲಿಗೆ ಎಂದು ಕೇಳಿದ. ತರಬೇತಿ ಕೇಂದ್ರವಿದ್ದ ಊರಿನ ಹೆಸರು ಬಾಯಿಗೆ ಬಂತು; ಅಲ್ಲಿ ನನ್ನ ಮಂಚದ ಮೇಲೆ ಮುಂದಿನ ತಂಡದವರು ಆಗಲೇ ಮಲಗಿರುತ್ತಾರೆ ಎಂಬುದೂ ಜೊತೆಗೆ ಬಂತು. ಹತ್ತಲಿಲ್ಲ. ಹತ್ತಬಾರದೆಂಬ ನಿಯಮವೇನೂ ಇಲ್ಲ. ಊರಿನ ತೆಂಕಣ ಬೀದಿಗಳಲ್ಲಿ ನಡೆದೆ. ದೀಪ ಹಚ್ಚಿದ ಹೊತ್ತು ಇನ್ನೂ ಕಳೆದಿರಲಿಲ್ಲ. ಮನೆಮನೆಯಿಂದ ಕರೆಗಳು ಕೇಳುತ್ತಿದ್ದವು. ಅತ್ತೀ. ದೊಡ್ಡಪ್ಪಾ. ಅಕ್ಕಾ, ಊಟಕ್ಕ ಬಾ. ಪ್ರತಿ ಕರೆಯ ನಂತರ ಆ ಖಾಲಿ ಹೊತ್ತು, ಲೋಟ ನೆಲಕ್ಕೆ ತಾಗುವ ಸದ್ದು. ಅವು ಯಾವುವೂ ನನಗಲ್ಲ ಎಂಬುದು ಮೊದಲು ನೋವಾಗಿತ್ತು. ಎರಡು ಬೀದಿ ದಾಟುವಷ್ಟರಲ್ಲಿ ಬರೀ ತಿಳಿವಳಿಕೆಯಾಯಿತು. ಕಾಲು ಸೋಲತೊಡಗಿದವು.

ಒಂದು ಗೋಡೆ ಬೆಚ್ಚಗಿತ್ತು. ಬೆನ್ನು ಕೊಟ್ಟು ನಿಂತೆ. ಅದು ಚುರುಮುರಿ ಭಟ್ಟಿ. ಒಳಗೆ ಒಲೆಯ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು, ಮರಳಿನಲ್ಲಿ ಅಕ್ಕಿ ಅರಳುವ ಸದ್ದು. ಬಾಗಿಲು ತೆರೆದೇ ಇತ್ತು. ಒಬ್ಬ ಗಂಡಸು ಉದ್ದನೆಯ ಸೌಟು ಹಿಡಿದು ಮರಳು ತಿರುವುತ್ತಿದ್ದ, ಒಬ್ಬ ಹೆಂಗಸು ಜರಡಿ ಹಿಡಿಯುತ್ತಿದ್ದಳು. ಒಲೆಗೆ ಬಲಗಡೆ ಒಂದು ಮಣೆ ಇತ್ತು. ಅದರ ಎದುರು ನೀರಿನ ಲೋಟವಿರಲಿಲ್ಲ. ಕೂರುವ ಉದ್ದೇಶ ನನಗಿರಲಿಲ್ಲ.

ಅವರು ಮಣೆಯ ಮೇಲೆ ಕೂತ ನನ್ನನ್ನು ನೋಡಿದರು. ಹೆಂಗಸು ಗಂಡನ ಮುಖ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಲೋಟ ನೀರು ನನ್ನ ಕೈಗೆ ಎಟಕುವಲ್ಲಿ ಬಂತು. ಅವರು ತಮ್ಮೊಳಗೆ ಆಡಿದ ಮಾತುಗಳಿಂದ ವಿಷಯ ತಿಳಿಯಿತು. ಗಂಡಸು ಫಕೀರಪ್ಪ, ಹೆಂಡತಿ ಸಾವಂತ್ರವ್ವ. ಮಣೆ ಫಕೀರಪ್ಪನ ತಂಗಿ ದ್ರಾಕ್ಷಾಯಣಿಯದು. ಅಣ್ಣತಂಗಿಯರಿಗೆ ಜಗಳವಾಗಿ ಅವಳು ಯಾವುದೋ ಊರಿಗೆ ಹೋಗಿದ್ದಳು. ಇವನು ಹಟ ಹಿಡಿದು ಕರೆಯುವುದನ್ನು ನಿಲ್ಲಿಸಿದ್ದ. “ಈಗ ಕೂತಾರ ನೋಡು. ನಿನ್ನ ಸೊಕ್ಕು ಬಂದು ಕೂತೈತಿ” ಎಂದು ಸಾವಂತ್ರವ್ವ ನನಗೆ ಕೇಳುವ ಹಾಗೆ ಅವನನ್ನು ಚುಚ್ಚಿದಳು. ಅವನು ಮರಳು ತಿರುವುತ್ತಲೇ ಇದ್ದ.

ನಾನು ಒಂದು ನಿರ್ಧಾರ ಮಾಡಿಕೊಂಡೆ. ಇವರು ಮೈಮರೆತು ಕರೆದರೂ ಓಗೊಡುವುದಿಲ್ಲ. ಅಮಾವಾಸ್ಯೆಗೆ ಮೊದಲು ಎದ್ದುಹೋಗುತ್ತೇನೆ. ದ್ರಾಕ್ಷಾಯಣಿ ಎಂಬವಳು ಒಂದು ದಿನ ಚೀಲ ಹೊತ್ತು ಬಂದು ಈ ಬಾಗಿಲಲ್ಲಿ ನಿಂತರೆ, ನಾನು ನಿಂತ ಹಾಗೆ ಅವಳು ನಿಲ್ಲಬಾರದು. ಈ ನಿರ್ಧಾರವನ್ನು ದಿನವೂ ಬೆಳಿಗ್ಗೆ ಮನಸ್ಸಿನಲ್ಲಿ ಒಮ್ಮೆ ಪೂರ್ತಿಯಾಗಿ ಹೇಳಿಕೊಳ್ಳುತ್ತಿದ್ದೆ. ಜೊತೆಗೆ ನನಗೆ ನೆನಪಿರುವುದನ್ನೂ ಕ್ರಮವಾಗಿ ಹೇಳಿಕೊಳ್ಳುತ್ತಿದ್ದೆ: ಗಿರಣಿ, ಸ್ಟೂಲು, ಪಟ್ಟಾ, ನೀಲಾ, ಓಢಣಿ. ಕೆಲಸವಿಲ್ಲದೆ ಕೂರುವುದು ಕಷ್ಟವಾದ್ದರಿಂದ ಜರಡಿಯಿಂದ ಸಿಡಿದ ಅರಳನ್ನು ಆರಿಸಿ ಗುಡ್ಡೆ ಹಾಕುತ್ತಿದ್ದೆ. ಹುಬ್ಬಿನವರೆಗೆ ಮಸಿಯಾಗಿದ್ದೆ. ಒಂದು ಸಂಜೆ ಮುಂಗೈ ತೊಳೆದಾಗ ಹುಣಿಸೆಬೀಜದ ಆಕಾರದ ಕಲೆ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ಹುಡುಕಬೇಕಾಯಿತು. ಎರಡರಲ್ಲೂ ಸಿಗಲಿಲ್ಲ. ಮಸಿ ಪೂರ್ತಿ ಹೋಗಿಲ್ಲವೆಂದು ತಿಳಿದೆ.

ಐದನೆಯ ಘಟನೆ ಇದು. ಯುಗಾದಿಯ ಮುನ್ನಾದಿನ, ಅಮಾವಾಸ್ಯೆ. ದಿನವೂ ಹೇಳಿಕೊಂಡಿದ್ದರೂ ನಾನಿನ್ನೂ ಎದ್ದುಹೋಗಿರಲಿಲ್ಲ. ಹಬ್ಬದ ಮರುದಿನಕ್ಕೆ ಚುರುಮುರಿಯ ಬೇಡಿಕೆ ಬಹಳವಿತ್ತು. ಸಾವಂತ್ರವ್ವ ನೀರಿಗೆ ಹೋಗಿದ್ದಳು. ಅಕ್ಕಿಯನ್ನು ಮರಳಿಗೆ ಸುರಿಯುವ ಮೊದಲು ಉಪ್ಪುನೀರು ಹಾಕಿ ಕೈಯಾಡಿಸಬೇಕು. ಮರಳು ಹದಕ್ಕೆ ಬಂದ ಮೇಲೆ ಕಾಯುವುದಿಲ್ಲ, ತಡವಾದರೆ ಅಕ್ಕಿ ಅರಳದೆ ಕಪ್ಪಾಗುತ್ತದೆ. ಫಕೀರಪ್ಪ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಅಕ್ಕಿಯ ಬುಟ್ಟಿ ಹಿಡಿದಿದ್ದ. ಉಪ್ಪಿನ ಪಾತ್ರೆ ಬರಿದಾಗಿತ್ತು. ಅವನು ಒಲೆಯಿಂದ ಕಣ್ಣು ತೆಗೆಯಲಿಲ್ಲ.

“ತಂಗೀ, ಉಪ್ಪು.”

ನನಗೆ ಸ್ಪಷ್ಟವಾಗಿ ಕೇಳಿಸಿತು. ಒಲೆಯ ಸದ್ದು, ಮರಳಿನ ಸದ್ದು, ಹೊರಗೆ ಬಂಡಿ ಹೋಗುವ ಸದ್ದು, ಎಲ್ಲದರ ಅಡಿಯಿಂದ ಆ ಕರೆ ಸೋಸಿ ತೆಗೆದ ಹಾಗೆ ಬಂತು. ಓ ಎಂದೆ. ಎದ್ದು ಒಳಕೋಣೆಗೆ ಹೋದೆ; ಅದರೊಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಕತ್ತಲಿತ್ತು. ಹೆಂಚಿನ ಇಳಿಜಾರಿನ ಕೆಳಗೆ, ಬೀಸುಕಲ್ಲಿನ ಹಿಂದೆ, ಗೋಣಿಚೀಲ ಹೊದಿಸಿದ ಗುಡಾಣದೊಳಗೆ ಕೈ ಹಾಕಿ ಎರಡು ಬೊಗಸೆ ಉಪ್ಪು ತಂದು ಪಾತ್ರೆಗೆ ಸುರಿದೆ. ಅಕ್ಕಿ ಸರಿಯಾಗಿ ಅರಳಿತು. ಆಮೇಲೆ ಫಕೀರಪ್ಪ ಸೌಟು ಕೆಳಗಿಟ್ಟು ನನ್ನನ್ನು ನೋಡಿದ. ಬಾಗಿಲಲ್ಲಿ ಸಾವಂತ್ರವ್ವ ಕೊಡ ಹೊತ್ತು ನಿಂತಿದ್ದಳು. ಅವಳು ನಿಧಾನವಾಗಿ ಒಳಗೆ ಬಂದು, ಕೊಡ ಇಳಿಸಿ, ಹೆಸರು ಹಿಡಿದು, “ದ್ರಾಕ್ಷಾಯಣಿ, ಮುಖ ತೊಳ್ಕೋ ಬಾ” ಎಂದಳು.

ಅಂದಿನಿಂದ ಒಂದು ಪರೀಕ್ಷೆಯನ್ನು ನಾನು ಪ್ರತಿದಿನವೂ ಮಾಡಿದ್ದೇನೆ. ಗಿರಣಿಯ ಮನೆಯಲ್ಲಿ ಅವ್ವ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಪ್ರಶ್ನೆ ನೆನಪಿದೆ. ನಾನು ತಡಮಾಡದೆ ಉತ್ತರಿಸಿದ್ದು ನೆನಪಿದೆ. ಆ ಮನೆಯಲ್ಲಿ ಉಪ್ಪು ಎಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ.